ಗೊಂಬೆಮನೆಗೆ ಸೋಫಾ ಬೇಕಾಗಿದೆ

ಸಾಗರದ ನಮ್ಮ ಮನೆಯ ಷೋಕೇಸಿನಿಂದ ಮೂರಿಂಚು ಎತ್ತರದ ಮರದ ಕುರ್ಚಿಯೊಂದು ಹಾಡಹಗಲೇ ಕಾಣೆಯಾಯಿತು. ಕುರ್ಚಿ ತಾಜಮಹಲಿನ ಎಡಕ್ಕಿತ್ತು. ತಾಜಮಹಲಿಗೆ ಏನೂ ಆಗಿಲ್ಲ. ನಮ್ಮ ಮನೆಯಲ್ಲಿ ಇಂಥವು ಆಗಾಗ ನಡೆಯುತ್ತವೆ, ಪ್ರತಿಸಲವೂ ತನಿಖೆ ನನ್ನ ಹೆಂಡತಿಯದೇ.

ಹಿನ್ನೆಲೆ ಇಷ್ಟು. ನಾಲ್ಕನೇ ಕ್ಲಾಸಿನ ಮಗಳಿಗೆ ಪ್ಲೈವುಡ್‌ನಲ್ಲಿ ಒಂದು ಗೊಂಬೆಮನೆ ಮಾಡಿಕೊಟ್ಟಿದ್ದೆ. ಅಡುಗೆಮನೆ ಪರವಾಗಿರಲಿಲ್ಲ, ಹಾಲ್ ಮಾತ್ರ ಖಾಲಿ. ಅವಳ ಗೆಳತಿ ಬಂದು, ಬಗ್ಗಿ ನೋಡಿ, "ಇದು ಮನೆ ಅಲ್ಲ, ಗೋಡೌನು" ಎಂದು ತೀರ್ಪು ಕೊಟ್ಟಳು. ಗೆಳತಿಯ ಮನೆಯಲ್ಲಿ ಪಾರ್ಸೆಲ್‌ನಲ್ಲಿ ಬಂದ ಪ್ಲಾಸ್ಟಿಕ್ ಗೊಂಬೆಮನೆ ಇದೆ, ಅದರಲ್ಲಿ ಗುಲಾಬಿ ಬಣ್ಣದ ಸೋಫಾ ಇದೆ. ಮರುದಿನ ಶಾಲೆಯಲ್ಲಿ ನನ್ನ ಮಗಳು ಸಿಟ್ಟಿನಲ್ಲಿ, "ಮುಂದಿನ ಭಾನುವಾರ ನಾಲ್ಕು ಗಂಟೆಗೆ ಬಾ, ನಮ್ಮ ಹಾಲ್‌ನಲ್ಲೂ ಸೋಫಾ ಇರ್ತದೆ" ಎಂದುಬಿಟ್ಟಳು. ಇಡೀ ಕ್ಲಾಸಿನ ಎದುರಿಗೆ ಹೇಳಿದ ಮಾತು. ಇನ್ನು ಮಾನ ಉಳಿಸುವುದು ನನ್ನ ಕೆಲಸ.

ಷೋಕೇಸಿನ ತನಿಖೆ

ಹೆಂಡತಿಗೆ ಮೊದಲ ಅನುಮಾನ ಗ್ಯಾಸ್ ತಂದವನ ಮೇಲೆ, ಎರಡನೆಯದು ಪಕ್ಕದ ಮನೆ ಬೆಕ್ಕಿನ ಮೇಲೆ. ಬೆಕ್ಕು ಕುರ್ಚಿ ತಗೊಂಡು ಏನು ಮಾಡ್ತದೆ ಎಂದು ಕೇಳಿದೆ.

"ನೀವ್ಯಾಕೆ ಬೆಕ್ಕಿನ ಪರ ಮಾತಾಡ್ತೀರಿ?" ಎಂದು ನನ್ನನ್ನೇ ದಿಟ್ಟಿಸಿದಳು.

ಮೂರನೇ ದಿನ ಗೊಂಬೆಮನೆಯ ಹಾಲ್‌ನಲ್ಲಿ, ನೀಲಿ ಬಣ್ಣ ಬಳಿದು ರವಿಕೆ ಕಣದ ತುಂಡಿನ ದಿಂಬು ಅಂಟಿಸಿದ ಕುರ್ಚಿಯೊಂದು ಅವಳ ಕಣ್ಣಿಗೆ ಬಿತ್ತು. ಎತ್ತಿ, ತಿರುಗಿಸಿ, ಬುಡ ನೋಡಿದಳು. ನಾನು ಪೇಪರಿನ ಹಿಂದೆ ಅಡಗಿ ಕೂತಿದ್ದೆ.

"ಎಷ್ಟು ಚಂದ ಇದೆ! ಎಲ್ಲಿ ಸಿಕ್ತು? ಇಂಥದ್ದೇ ಇನ್ನೊಂದು ತಂದುಬಿಡಿ, ಷೋಕೇಸಲ್ಲಿ ಆ ಜಾಗ ಖಾಲಿ ಉಳಿದಿದೆ."

ಪಾಲಿನ ಪ್ರಶ್ನೆ

ಒಂದು ಕುರ್ಚಿಯಿಂದ ಹಾಲ್ ತುಂಬುವುದಿಲ್ಲ. ತೀರ್ಥಹಳ್ಳಿಯ ಅಣ್ಣನ ಮನೆಯಲ್ಲಿ ಬೀಟೆ ಮರದ ಆಟಿಕೆಗಳಿದ್ದದ್ದು ನೆನಪಾಯಿತು. ಅಂಗೈಯಗಲದ ಮಂಚ, ಬೀರು, ಮೇಜು. ಅಣ್ಣನ ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ನಮ್ಮ ಅಪ್ಪ ಮಾಡಿಸಿಕೊಟ್ಟದ್ದು. ಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಮಂಚದ ಮೇಲೆ ಈಗ ಊದಿನಕಡ್ಡಿ ಪ್ಯಾಕೆಟ್ ಮಲಗುತ್ತದೆ.

ಅತ್ತಿಗೆ ಕಾಫಿ ಕೊಟ್ಟರು. ಅಪ್ಪ ಮಾಡಿಸಿದ ಆ ಆಟಿಕೆಗಳು ಮಗಳಿಗೆ ಬೇಕಿತ್ತು ಎಂದೆ. ಅವರು ಲೋಟ ಕೆಳಗಿಟ್ಟರು.

"ಅಪ್ಪಯ್ಯ ಮಾಡಿಸಿದ್ದು ಅಂತ ಯಾಕೆ ಹೇಳ್ದೆ ನೀನು?"

"ಅವರೇ ಮಾಡಿಸಿದ್ದಲ್ವ ಅತ್ತಿಗೆ?"

"ಅದು ಗೊತ್ತು. ಈಗ ಯಾಕೆ ಹೇಳ್ದೆ ಅಂತ." ಒಳಗೆ ತಿರುಗಿ, "ರೀ, ಬನ್ನಿ ಇಲ್ಲಿ. ನಿಮ್ಮ ತಮ್ಮ ಪಾಲು ಕೇಳ್ತಿದಾನೆ" ಎಂದು ಕೂಗಿದರು.

ಅಣ್ಣ ಕನ್ನಡಕ ಹಾಕಿಕೊಂಡೇ ಬಂದ. "ಪಾಲಾಗಿ ಹನ್ನೆರಡು ವರ್ಷ ಆಯ್ತಲ್ಲ ಮಾರಾಯ. ಇಷ್ಟು ದಿನ ಸುಮ್ನಿದ್ದು ಈಗೆಂತ ತಕರಾರು?"

ಗೊಂಬೆಮನೆ ಎಂದೆ. ನಂಬಲಿಲ್ಲ. ಹಾಲ್‌ನ ಫೋಟೋ ತೋರಿಸಿದೆ. ಇಷ್ಟು ತಯಾರಿ ಮಾಡಿಕೊಂಡು ಬಂದಿದ್ದಾನೆಂದು ಅನುಮಾನ ಇನ್ನೂ ಗಟ್ಟಿಯಾಯಿತು. ಕೊನೆಗೆ ಅಣ್ಣ ಒಂದು ಹಾಳೆಯಲ್ಲಿ ಬರೆದ: "ಬೀಟೆ ಮಂಚ ಒಂದು, ಎರಡು ಬಾಗಿಲಿನ ಬೀಟೆ ಬೀರು ಒಂದು, ಬೀಟೆ ಮೇಜು ಒಂದು, ಇಷ್ಟನ್ನೂ ಪಡೆದಿರುತ್ತೇನೆ. ಮುಂದೆ ಈ ಮನೆಯಿಂದ ಏನನ್ನೂ ಕೇಳುವುದಿಲ್ಲ." ನಾನೂ ಅಣ್ಣನೂ ಸಹಿ ಹಾಕಿದೆವು. ಸಾಕ್ಷಿಗೆ ಪಕ್ಕದ ಮನೆಯವರು ಬಂದರು, ಮಂಚ ನೋಡಿದರು, ಏನೂ ಕೇಳದೆ ಸಹಿ ಹಾಕಿದರು. ಒಂದು ಪ್ರತಿ ಅಣ್ಣನಿಗೆ, ಒಂದು ನನಗೆ.

ಹೊರಡುವಾಗ ಅತ್ತಿಗೆ ನಾಲ್ಕು ಹಪ್ಪಳ ಕಟ್ಟಿಕೊಟ್ಟರು. "ಇದು ಪಾಲಲ್ಲ, ಪ್ರೀತಿಯಿಂದ ಕೊಟ್ಟಿದ್ದು" ಎಂದು ಸಾಕ್ಷಿಯ ಎದುರಿಗೇ ಹೇಳಿದರು.

ಲಾರಿ ಎಲ್ಲಿ?

ಹೊಸನಗರ ದಾಟಿದ ಮೇಲೆ ಅರಣ್ಯ ಇಲಾಖೆಯ ಒಂದು ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಗಾರ್ಡ್ ಹತ್ತಿ ಚೀಲಗಳನ್ನು ಮುಟ್ಟಿ ನೋಡುತ್ತ ಬಂದ. ನನ್ನ ಚೀಲ ಗಡಗಡ ಎಂದಿತು.

"ಎಂತ ಇದರಲ್ಲಿ?"

"ಸಾಮಾನು."

"ಎಂತ ಮರದ್ದು?"

ಇಲ್ಲಿ ನಾನು ಮಲೆನಾಡಿನವನು ಯಾವತ್ತೂ ಮಾಡಬಾರದ ತಪ್ಪು ಮಾಡಿದೆ. ನಿಜ ಹೇಳಿದೆ. "ಬೀಟೆ."

ಪಾಸಿಲ್ಲದೆ ಬೀಟೆ ಸಾಗಿಸಿದರೆ ಕೇಸು. ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಆಚೆ ಸರಿದರು.

"ಪಾಸ್ ಇದ್ಯಾ?"

ಪಾಸ್ ಇರಲಿಲ್ಲ, ಅಣ್ಣನ ಪತ್ರ ಇತ್ತು. ಕೊಟ್ಟೆ. ಅವನು ಎರಡು ಸಲ ಓದಿದ. ಮಂಚ, ಬೀರು, ಮೇಜು, ಮೂರು ಸಹಿ. ಕಿಟಕಿಯಿಂದ ಬಗ್ಗಿ ರಸ್ತೆಯ ಹಿಂದೆ ಮುಂದೆ ನೋಡಿದ.

"ಲಾರಿ ಎಲ್ಲಿ?"

ನಾನು ಚೀಲದಿಂದ ಮಂಚ ತೆಗೆದು ಅವನ ಅಂಗೈ ಮೇಲಿಟ್ಟೆ. ಅವನು ಮಂಚ ನೋಡಿದ, ಪತ್ರ ನೋಡಿದ, ನನ್ನನ್ನು ಜಾಸ್ತಿ ಹೊತ್ತು ನೋಡಿದ. ಹಿಂದಿನ ಸೀಟಿನಿಂದ ಒಬ್ಬ, "ಬಿಡಿ ಸಾರ್, ಮಲಗೋರು ಕಾಯ್ತಿರ್ತಾರೆ" ಎಂದ.

ಆದರೆ ಗಾರ್ಡ್ ಕೆಲಸದ ಮನುಷ್ಯ. ಬೀರುವನ್ನೂ ತೆಗೆಸಿದ.

"ಎರಡು ಬಾಗಿಲು ಅಂತ ಬರ್ದಿದೆ. ಇಲ್ಲಿರೋದು ಒಂದು. ಇನ್ನೊಂದು ಎಲ್ಲಿ ಇಳಿಸಿದ್ರಿ?"

ಹರಕೆ

ಒಂದೇ ಬಾಗಿಲಿನ ಬೀರು ಸಮೇತ ಸಾಮಾನೆಲ್ಲ ಕೊನೆಗೂ ಮನೆ ಸೇರಿತು. ಮಂಚದ ಕಾಲು ಕೊಯ್ದರೆ ಟೀಪಾಯಿ ಆಯಿತು. ಬೀರುವನ್ನು ಅಡ್ಡ ಮಲಗಿಸಿದರೆ ಟಿವಿ ಸ್ಟ್ಯಾಂಡ್. ಮೇಜು ಮೇಜಾಗಿಯೇ ಉಳಿಯಿತು. ಶನಿವಾರ ಬಂದರೂ ಸೋಫಾ ಇರಲಿಲ್ಲ. ಅಟ್ಟ ಹುಡುಕಿದಾಗ ಹಳೇ ಟ್ರಂಕಿನಲ್ಲಿ ಒಂದು ಗೇಣುದ್ದದ, ಕೆಂಪು ಹಸಿರು ಬಣ್ಣದ ಮರದ ತೊಟ್ಟಿಲು ಸಿಕ್ಕಿತು. ಮುಂದಿನ ಪಟ್ಟಿ ಕೊಯ್ದೆ, ದಿಂಬು ಅಂಟಿಸಿದೆ. ಸೋಫಾ! ಕೊಯ್ದ ಪಟ್ಟಿ ಟಿವಿ ಸ್ಟ್ಯಾಂಡಿಗೆ ಹಲಗೆಯಾಯಿತು. ಮಗಳು ಎರಡು ಗೊಂಬೆಗಳನ್ನು ಕೂರಿಸಿ, ದೂರ ನಿಂತು ನೋಡಿ, "ಗುಲಾಬಿಗಿಂತ ಚಂದ ಇದೆ" ಎಂದಳು.

ಸಂಜೆ ನನ್ನ ಅಮ್ಮ ಗೊಂಬೆಮನೆ ನೋಡಲು ಬಂದರು. ಸೋಫಾ ಎತ್ತಿದರು.

"ಸೋಫಾಕ್ಕೆ ನಾಲ್ಕು ಮೂಲೆಗೂ ತೂಗುಹಾಕೋ ಬಳೆ ಯಾಕೋ?"

ಅಮ್ಮನ ಕನ್ನಡಕ ಬಂತು.

"ಇದು ಹರಕೆ ತೊಟ್ಟಿಲು ಅಲ್ದನಾ?"

ಹೌದಾಗಿತ್ತು. ಮಗು ಹುಟ್ಟಿದರೆ ದೇವಸ್ಥಾನದ ಮರಕ್ಕೆ ತೊಟ್ಟಿಲು ಕಟ್ಟುತ್ತೇನೆಂದು ಅಮ್ಮ ಹೇಳಿಕೊಂಡು ತಂದಿಟ್ಟದ್ದು. ಮಗು ಹುಟ್ಟಿದ ಗಡಿಬಿಡಿಯಲ್ಲಿ ತೊಟ್ಟಿಲು ಮರೆತು ಒಂಬತ್ತು ವರ್ಷ. ಅಮ್ಮನಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. "ಅದಕ್ಕೇ ನಿನ್ನ ಸೊಂಟನೋವು ಬಿಡದೇ ಇದ್ದಿದ್ದು. ಅದಕ್ಕೇ ಇವಳಿಗೆ ಲೆಕ್ಕದಲ್ಲಿ ಮಾರ್ಕ್ಸ್ ಬರದೇ ಇದ್ದಿದ್ದು."

"ಹೊಸ ತೊಟ್ಟಿಲು ತಂದು ಕಟ್ಟೋಣ ಅಮ್ಮ."

"ಹೇಳ್ಕೊಂಡಿದ್ದು ಇದನ್ನ. ಇದನ್ನೇ ಕಟ್ಟಬೇಕು, ನಾಳೆ ಬೆಳಿಗ್ಗೆಯೇ."

ಮಗಳು ಅಳಲಿಲ್ಲ. ಗೊಂಬೆಗಳನ್ನು ಇಳಿಸಿ ಚಾಪೆ ಹಾಸಿದಳು. ಅಳು ನನಗೇ ಬಂತು.

ದಿಂಬಿನ ಅಂಟು ಕಿತ್ತರೂ ಬರಲಿಲ್ಲ. ಹಾಗೇ ಒಯ್ದೆವು. ಅರ್ಚಕರು ಅದನ್ನು ಸುತ್ತಲೂ ತಿರುಗಿಸಿ ನೋಡಿದರು.

"ಇದೆಂತದು?"

"ತೊಟ್ಟಿಲು" ಎಂದರು ಅಮ್ಮ.

"ಒಂದು ಬದಿ ಇಲ್ಲ. ಸೋಫಾ ಹಂಗೆ ಕಾಣ್ತದಲ್ಲ?"

"ಮಗೂಗೆ ಒಂಬತ್ತು ವರ್ಷ ಆಯ್ತು ಭಟ್ರೇ. ಇನ್ನು ಮಲಗ್ತದಾ? ಕೂರ್ತದೆ."

ಭಟ್ಟರಿಗೆ ಇದಕ್ಕೆ ಮಂತ್ರ ಸಿಗಲಿಲ್ಲ. ಕಟ್ಟಿಸಿದರು.

ನಾಲ್ಕು ಗಂಟೆಗೆ ಸರಿಯಾಗಿ ಗೆಳತಿ ಬಂದಳು. "ಸೋಫಾ ಎಲ್ಲಿ?"

"ದೇವಸ್ಥಾನಕ್ಕೆ ಹೋಗಿದೆ."

"ಸುಳ್ಳು. ಸೋಫಾ ಯಾಕೆ ದೇವಸ್ಥಾನಕ್ಕೆ ಹೋಗ್ತದೆ?"

ಮಗಳು ನನ್ನ ಫೋನಿನಲ್ಲಿ ಫೋಟೋ ತೋರಿಸಿದಳು. ತೊಟ್ಟಿಲುಗಳ ನಡುವೆ ಒಂದು ಸೋಫಾ ತೂಗುತ್ತಿತ್ತು. ಗೆಳತಿ ಬೆರಳಿನಿಂದ ದೊಡ್ಡದು ಮಾಡಿ, ದಿಂಬನ್ನೂ ಪರೀಕ್ಷಿಸಿದಳು.

"ಕಟ್ಟಿದ್ರೆ ಎಂತ ಆಗ್ತದೆ?"

"ಲೆಕ್ಕದಲ್ಲಿ ಮಾರ್ಕ್ಸ್ ಬರ್ತದೆ. ಅಜ್ಜಿ ಹೇಳಿದಾರೆ."

ಗೆಳತಿ ಗೋಡೌನಿನ ಮಾತೆತ್ತದೆ ಮನೆಗೆ ಹೋದಳು.

ಎರಡು ವಾರದ ಮೇಲೆ ಅಮ್ಮನ ಜೊತೆ ಮತ್ತೆ ದೇವಸ್ಥಾನಕ್ಕೆ ಹೋಗಿದ್ದೆ. ನಮ್ಮ ಸೋಫಾದ ಪಕ್ಕದಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸೋಫಾ ಇದೆ. ನನ್ನ ಸೊಂಟನೋವು ಹಾಗೇ ಇದೆ. ಈಗ ಎರಡೂ ಗೊಂಬೆಮನೆಗಳಲ್ಲಿ ಗೊಂಬೆಗಳು ಚಾಪೆಯ ಮೇಲೆ ಕೂರುತ್ತವೆ.