ದೊಡ್ಡಪ್ಪನಿಗೆ ಬಿದ್ದ ಖಾಲಿ ಫ್ಲ್ಯಾಶ್

ಪ್ರತಿಭೆ ಇದ್ದವನಿಗೆ ಯಾರ ಪರಿಚಯವೂ ಬೇಕಾಗಿಲ್ಲ ಎಂಬುದು ನನ್ನ ಅಚಲವಾದ ನಂಬಿಕೆಯಾಗಿತ್ತು. ಹಾಸನದಲ್ಲಿರುವ ನನ್ನ ಸ್ಟುಡಿಯೊದ ಗೋಡೆಯ ಮೇಲೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿಯೂ ಇದ್ದೆ. ಓದುವುದಕ್ಕೆ ಯಾರೂ ಬರುತ್ತಿರಲಿಲ್ಲ, ಅಷ್ಟೇ!

ಬರುತ್ತಿದ್ದವರಿಗೆಲ್ಲ ಬೇಕಾಗಿದ್ದದ್ದು ಪಾಸ್‌ಪೋರ್ಟ್ ಸೈಜಿನ ಫೋಟೊ. ಗೊರೂರಿನ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿ ಚರ್ಚನ್ನು ಮಂಜಿನಲ್ಲಿ, ಬಿಸಿಲಿನಲ್ಲಿ, ಮೋಡದಲ್ಲಿ ನನ್ನಷ್ಟು ಚೆನ್ನಾಗಿ ತೆಗೆದವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಎಲ್ಲೆಲ್ಲಿಂದಲೋ ಜನ ಫೋನಿನಲ್ಲಿ ಅದನ್ನು ನೋಡಿ ಚಪ್ಪಾಳೆಯ ಚಿತ್ರ ಕಳಿಸುತ್ತಿದ್ದರು. ಆದರೆ ಚರ್ಚು ಯಾವತ್ತೂ ಮದುವೆ ಆಲ್ಬಮ್ಮಿಗೆ ಆರ್ಡರ್ ಕೊಡುವುದಿಲ್ಲವಲ್ಲ!

ಮದುವೆಗಳೆಲ್ಲ ಹೊಳೆನರಸೀಪುರದ ಕೃಪೇಶನ ಪಾಲಾಗುತ್ತಿದ್ದವು. ಅವನು ತೆಗೆದ ಫೋಟೊಗಳಲ್ಲಿ ಅರ್ಧ ಜನ ಕಣ್ಣು ಮುಚ್ಚಿಕೊಂಡಿರುತ್ತಾರೆ, ಉಳಿದವರಿಗೆ ಹಣೆಯೇ ಇರುವುದಿಲ್ಲ. ಆದರೆ ಒಂದು ಛತ್ರದ ಮ್ಯಾನೇಜರು ಅವನ ಭಾವ, ಇನ್ನೊಂದರ ಪುರೋಹಿತರು ಅವನ ತಂದೆಯ ಸ್ನೇಹಿತರು, ವಾಲಗದವರು ಪಕ್ಕದ ಮನೆಯವರು. ಗಂಡಿಗೆ ಹೆಣ್ಣು ಗೊತ್ತಾಗುವ ಮೊದಲೇ ಫೋಟೊಗೆ ಕೃಪೇಶ ಗೊತ್ತಾಗಿರುತ್ತಿದ್ದ.

"ರೀ, ಅರಕಲಗೂಡಲ್ಲಿ ನಮ್ಮಣ್ಣನ ಸಿಮೆಂಟ್ ಅಂಗಡಿಗೆ ನಂಬಿಕಸ್ಥರು ಬೇಕಂತೆ" ಎಂದು ನನ್ನ ಹೆಂಡತಿ ಸವಿತ ಕಾಫಿ ಲೋಟ ಇಡುವಾಗಲೆಲ್ಲ ಹೇಳುತ್ತಿದ್ದಳು.

"ಕಲಾವಿದ ಕಣೇ ನಾನು. ಸಿಮೆಂಟ್ ತೂಗಕ್ಕೆ ಓಗ್ಲಾ?"

"ತೂಗದೇನೂ ಬ್ಯಾಡ, ಚೀಲ ಎಣಿಸಿದ್ರೆ ಸಾಕಂತೆ."

ಕೊನೆಗೆ ಅವಳೇ ತನ್ನ ಸೋದರಮಾವನಿಗೆ ಫೋನ್ ಮಾಡಿದಳು. ಅವರು ಕಟ್ಟಾಯದವರು, ಬೆಳೆಗಾರರು, ಜಿಲ್ಲೆಯಲ್ಲಿ ಯಾರ ಮನೆಯ ನಾಯಿ ಯಾರನ್ನು ಕಚ್ಚಿತು ಎಂಬುದರವರೆಗೆ ಬಲ್ಲವರು. ಹೊಳೆನರಸೀಪುರದ ನಂಜೇಗೌಡರ ಮಗಳ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿತ್ತು. ಕಟ್ಟಾಯದ ಮಾವ ಒಂದು ಮಾತು ಹೇಳಿದರು, ಕೆಲಸ ನನ್ನದಾಯಿತು. ನನ್ನ ಚರ್ಚಿನ ಫೋಟೊಗಳನ್ನು ಯಾರೂ ನೋಡಲಿಲ್ಲ. ಆದರೂ ನಾನು ಇದು ಪ್ರತಿಭೆಗೆ ಸಂದ ಗೌರವವೆಂದೇ ಭಾವಿಸಿ ಹೊಸ ಶರಟು ಹೊಲಿಸಿಕೊಂಡೆ.

"ಇದೂ ಕೆಟ್ರೆ ಸಿಮೆಂಟೇ ಗತಿ" ಎಂದು ಸವಿತ ಬಾಗಿಲಲ್ಲಿ ಆಶೀರ್ವದಿಸಿ ಕಳಿಸಿದಳು.

ಧಾರೆಯ ಹೊತ್ತಿಗೆ ನನ್ನ ಕಲೆ ಜಾಗೃತವಾಯಿತು. ನಮ್ಮ ಕಡೆ ನೆಂಟರೆಲ್ಲ ಸಾಲಾಗಿ ಬಂದು ಹೆಣ್ಣು-ಗಂಡಿನ ಕೈಮೇಲೆ ಹಾಲಿನ ಧಾರೆ ಎರೆಯುತ್ತಾರೆ. ಎಲ್ಲ ಫೋಟೊಗ್ರಾಫರುಗಳೂ ಅದನ್ನು ನಿಂತುಕೊಂಡು ತೆಗೆಯುತ್ತಾರೆ. ನಾನು ಮಲಗಿಕೊಂಡು ತೆಗೆಯಲು ನಿರ್ಧರಿಸಿದೆ! ಕೆಳಗಿನಿಂದ ಧಾರೆ ಜಲಪಾತದಂತೆ ಕಾಣಬೇಕೆಂಬುದು ನನ್ನ ಕಲ್ಪನೆ. ಕಂಡಿತು. ಕಣ್ಣು ಮಂಜಾದ ಒಬ್ಬ ಅಜ್ಜಿ ಎರೆದ ಹಾಲು ಕೆಳಗಿಟ್ಟಿದ್ದ ಪಾತ್ರೆಯನ್ನು ತಪ್ಪಿಸಿಕೊಂಡು ನೇರವಾಗಿ ನನ್ನ ಲೆನ್ಸಿಗೂ ಬಾಯಿಗೂ ಬಿತ್ತು.

"ಯಾರ್ಲಾ ಇವ್ನು, ಮಂಟಪದಲ್ಲಿ ಮನೀಕೊಂಡವ್ನೆ?" ಎಂದಿತು ಅಜ್ಜಿ. ಪುರೋಹಿತರು ಮಂತ್ರ ನಿಲ್ಲಿಸಿ ನಕ್ಕರು.

ಧಾರೆ ಮುಗಿದು ನೆಂಟರು ವೇದಿಕೆಗೆ ಬಂದು ಫೋಟೊಗೆ ನಿಲ್ಲುವ ಸಾಲು ಶುರುವಾಯಿತು. ಸಾಲು ಊಟದ ಹಾಲ್ ದಾಟಿ ರಸ್ತೆಯವರೆಗೂ ಬೆಳೆದಿತ್ತು. ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ಬಂದವರನ್ನೆಲ್ಲ ತೆಗೆದರೆ ಆಲ್ಬಮ್ಮು ಎತ್ತಲು ಆಳು ಬೇಕಾಗುತ್ತದೆ. ಅದಕ್ಕೆ ಬೇಕಾದವರು ನಿಂತಾಗ ಮಾತ್ರ ಫೋಟೊ ತೆಗೆಯುತ್ತೇವೆ. ಉಳಿದವರಿಗೆ ಫ್ಲ್ಯಾಶಿನ ಹಿಂದಿರುವ ಸಣ್ಣ ಗುಂಡಿ ಒತ್ತುತ್ತೇವೆ. ಬೆಳಕು ಝಗ್ಗೆನ್ನುತ್ತದೆ, ಫೋಟೊ ಬರುವುದಿಲ್ಲ. ಅವರು ತೃಪ್ತಿಯಿಂದ ಊಟಕ್ಕೆ ಹೋಗುತ್ತಾರೆ. ಇದಕ್ಕೆ ಖಾಲಿ ಫ್ಲ್ಯಾಶ್ ಎನ್ನುತ್ತಾರೆ. ಯಾರು ಬೇಕಾದವರು ಎಂದು ಹೇಳಲು ಮನೆಯ ಹಿರಿಯರೊಬ್ಬರು ಫೋಟೊಗ್ರಾಫರನ ಪಕ್ಕದಲ್ಲೇ ನಿಂತಿರುವುದು ಪದ್ಧತಿ.

"ನಾನು ನಿಂತ್ಕತೀನಿ ಬುಡು" ಎಂದರು ಕಟ್ಟಾಯದ ಮಾವ. "ಮೊಣಕೈಲಿ ತಿವೀತೀನಿ. ತಿವಿದ್ರೆ ಬೇಕಾದೋರು ಅಂತ ತಿಳ್ಕೊ."

ನನಗೆ ಅವಮಾನವಾಯಿತು. ಮುಖ ನೋಡಿ ಮನುಷ್ಯನನ್ನು ಅಳೆಯುವ ಕಣ್ಣು ನನ್ನದು. ಅದಕ್ಕೆ ಮೊಣಕೈ ಬೇಕೇ?

"ನೀವು ಓಗಿ ಊಟ ಮಾಡಿ ಮಾವ. ಪಾಯಸ ಚೆನ್ನಾಗೈತಂತೆ" ಎಂದು ಕಳಿಸಿಬಿಟ್ಟೆ.

ಮೊದಲು ಗರಿಗರಿ ಬಿಳಿ ಪಂಚೆ, ಬೆರಳ ತುಂಬ ಉಂಗುರ ತೊಟ್ಟ ಒಬ್ಬ ಭಾರಿ ಆಸಾಮಿ ವೇದಿಕೆ ಹತ್ತಿದರು. ನೋಡಿದ ಕೂಡಲೇ ಗೊತ್ತಾಯಿತು, ಇವರೇ ಮನೆತನದ ಹಿರಿಯರು! ಅವರನ್ನು ಹೆಣ್ಣು-ಗಂಡಿನ ನಡುವೆ ನಿಲ್ಲಿಸಿದೆ, ಆ ಕಡೆಯಿಂದ ತೆಗೆದೆ, ಈ ಕಡೆಯಿಂದ ತೆಗೆದೆ, ಗಲ್ಲ ಎತ್ತಿಸಿ ತೆಗೆದೆ. ಅವರು ಏನೋ ಹೇಳಲು ಬಾಯಿ ತೆರೆದಾಗ "ಮಾತಾಡ್ಬೇಡಿ ಸಾ, ನಗಿ" ಎಂದೆ. ಎಲ್ಲ ಮುಗಿದ ಮೇಲೆ ಅವರು ನಂಜೇಗೌಡರ ಕಿವಿಯ ಹತ್ತಿರ ಬಗ್ಗಿ, "ಎರಡನೇ ಪಂಕ್ತಿಗೆ ಎಲೆ ಹಾಕ್ಸ್ಲಾ ಗೌಡ್ರೆ?" ಎಂದು ಕೇಳಿದರು. ಅಡುಗೆ ಕಂಟ್ರಾಕ್ಟರು!

ಅದರಿಂದ ಕಂಗೆಟ್ಟ ನಾನು ಕೈ ಬಿಗಿ ಮಾಡಿದೆ. ಆಗ ಬಂದರು, ಕಂಕುಳಲ್ಲಿ ಕೈಚೀಲ ಸಿಕ್ಕಿಸಿಕೊಂಡ, ಮಾಸಲು ನೀಲಿ ಶರಟಿನ ಒಬ್ಬ ಮುದುಕರು. ನಂಜೇಗೌಡರು ಅವರ ಕೈ ಹಿಡಿದುಕೊಂಡರು. ಮದುವೆ ಹುಡುಗಿ ಕಾಲಿಗೆ ಬಿದ್ದಳು. ಮುದುಕರು ಅವಳ ತಲೆಯ ಮೇಲೆ ಕೈಯಿಟ್ಟು ಅಳುತ್ತಾ ನಿಂತುಬಿಟ್ಟರು. ಆ ಹೊತ್ತಿನಲ್ಲಿ ನನ್ನ ಕಣ್ಣು ಎಲ್ಲಿತ್ತು? ಮಂಟಪದ ಚೆಂಡುಹೂವಿನ ಮೇಲೆ ಒಂದು ಹಾಲಿನ ಹನಿ ಹೊಳೆಯುತ್ತಿತ್ತು. ಅದರ ಮೇಲಿತ್ತು! ಆ ಹನಿಯನ್ನು ಮನಸಾರೆ ತೆಗೆದೆ. ಮುದುಕರು ಕಣ್ಣೊರೆಸಿಕೊಂಡು, ನಂಜೇಗೌಡರ ಹೆಗಲ ಮೇಲೆ ಕೈ ಹಾಕಿ ನನ್ನ ಕಡೆ ತಿರುಗಿದಾಗ, ಸಾಲು ಉದ್ದವಿದೆಯಲ್ಲ ಎಂದುಕೊಂಡು ಸಣ್ಣ ಗುಂಡಿ ಒತ್ತಿದೆ.

ಝಗ್! ಅವರು ನನಗೆ ಕೈಮುಗಿದು ಕೆಳಗಿಳಿದರು.

ಮದುವೆ ಮುಗಿದ ಮಾರನೆಯ ದಿನವೇ ನಂಜೇಗೌಡರ ಫೋನ್ ಬಂತು.

"ನೋಡಪ್ಪಾ, ಆಲ್ಬಮ್ಮು ನಿಧಾನಕ್ಕೆ ಕೊಡು. ನಮ್ಮಣ್ಣ ಕೆಂಚೇಗೌಡನ ಫೋಟೊ ಮಾತ್ರ ಬಿರ್‍ನೆ ಕಳ್ಸು. ದೊಡ್ದಾಗಿ ಕಟ್ಟಾಕ್ಸಿ ಹಾಲ್ ಗೋಡೆಗೆ ಹಾಕ್ಬೇಕು. ಒಂದು ತೆಂಗಿನ ಮರದ ಪಾಲಿಗೆ ಮಾತು ಬಿಟ್ಟು ಮಗಳು ಹುಟ್ಟೋಕ್ ಮುಂಚಿಂದ ನಮ್ಮನೆ ಮೆಟ್ಲು ಹತ್ತಿರ್ಲಿಲ್ಲ ಅವ್ನು. ಕಟ್ಟಾಯದೋರು ಕಾಲು ಹಿಡ್ದು ಕರ್ಕೊಂಡು ಬಂದ್ರು."

"ಯಾರು ಸಾ ಅವ್ರು?" ಎಂದು ಕೇಳಿದೆ.

"ಅದೇ ಕಣಪ್ಪಾ, ನೀಲಿ ಸರ್ಟು. ಹುಡುಗಿ ದೊಡ್ಡಪ್ಪ. ಅತ್ಕೊಂಡು ನಿಂತಿದ್ನಲ್ಲ!"

ಕಂಪ್ಯೂಟರ್ ಮುಂದೆ ಕೂತು ಹುಡುಕಿದೆ, ಮತ್ತೆ ಹುಡುಕಿದೆ. ಅಡುಗೆ ಕಂಟ್ರಾಕ್ಟರು ಎಲ್ಲ ಕೋನಗಳಿಂದಲೂ ಇದ್ದರು. ದೊಡ್ಡಪ್ಪ ಇದ್ದದ್ದು ಒಂದೇ ಕಡೆ, ಚೆಂಡುಹೂವಿನ ಹಿಂದೆ ಒಂದು ನೀಲಿ ಮಸುಕಾಗಿ. ಹಾಲಿನ ಹನಿ ಮಾತ್ರ ಅದ್ಭುತವಾಗಿ ಬಂದಿತ್ತು. ನನ್ನ ಹೊಟ್ಟೆಪಾಡು, ಕಟ್ಟಾಯದ ಮಾವನ ಮಾನ, ಅಣ್ಣತಮ್ಮಂದಿರ ರಾಜಿ, ಎಲ್ಲವೂ ಆ ಸಣ್ಣ ಗುಂಡಿಯಲ್ಲಿ ಹೋಗಿತ್ತು.

ಅಲ್ಲಿಂದಾಚೆಗೆ ಫೋನ್ ರಿಂಗಾದರೆ ಸಾಕು, ನಾನು ಬಚ್ಚಲುಮನೆ ಸೇರುತ್ತಿದ್ದೆ. "ಕಲರ್ ಕರೆಕ್ಷನ್ ನಡೀತೈತೆ ಅಂತ ಹೇಳು" ಎಂದು ಒಳಗಿನಿಂದಲೇ ಪಿಸುಗುಟ್ಟುತ್ತಿದ್ದೆ.

"ಏನ್ ಕಲರ್ರೋ! ನಿಮ್ಮ ಮುಖದ ಕಲರೇ ಓಗೈತೆ" ಎಂದಳು ಸವಿತ. ವಿಷಯವನ್ನೆಲ್ಲ ಬಾಯಿಬಿಡಿಸಿಕೊಂಡ ಮೇಲೆ ಅವಳು ಹೇಳಿದ್ದು ಇಷ್ಟೇ: "ನಿಜ ಹೇಳ್ಬುಡ್ರೀ."

ನಿಜ ಹೇಳುವಷ್ಟು ಧೈರ್ಯ ಇದ್ದಿದ್ದರೆ ಬಚ್ಚಲುಮನೆಯಲ್ಲಿ ಯಾಕೆ ಕೂರುತ್ತಿದ್ದೆ? ನಾನು ಪ್ರತಿಭೆಯ ಮೊರೆಹೋದೆ. ದೊಡ್ಡಪ್ಪನನ್ನು ಬೇರೆಯಾಗಿ ತೆಗೆದು ವೇದಿಕೆಯ ಫೋಟೊಗೆ ಅಂಟಿಸುವುದು. ಕಂಪ್ಯೂಟರಿನಲ್ಲಿ ಅದೇನು ಮಹಾ! ಅರಕಲಗೂಡಿನ ಹತ್ತಿರ ಅವರ ಊರು. ಸವಿತಳ ಅಣ್ಣನ ಸಿಮೆಂಟ್ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡು ಹಾದು, ಆಟೊ ಹಿಡಿದು ಅವರ ಮನೆ ಮುಟ್ಟಿದೆ.

ಬಾಗಿಲು ತೆಗೆದ ಕೆಂಚೇಗೌಡರನ್ನು ನೋಡಿ ಜೀವ ಹಾರಿಹೋಯಿತು. ತಲೆ ಬೋಳು! ನುಣ್ಣಗೆ ಬೋಳು!

"ಮುಡಿ ಕೊಟ್ಬಂದೆ ಕಣಪ್ಪಾ" ಎಂದರು ಸಂತೋಷವಾಗಿ. "ತಮ್ಮನ್ ಜೊತೆ ಮಾತಾದ್ರೆ ಕೊಡ್ತೀನಿ ಅಂತ ದೇವ್ರಿಗೆ ಅರಕೆ ಹೊತ್ತಿದ್ದೆ. ಬಾ ಕುಂತ್ಕೊ."

"ನಿಮ್ಮ ಮುಖದಲ್ಲಿ ಒಂದು ಕಳೆ ಐತೆ ಸಾ. ಒಂದು ಸ್ಪೆಷಲ್ ಫೋಟೊ ಬೇಕಿತ್ತು. ಆ ನೀಲಿ ಶರಟು ಹಾಕ್ಕೊಳ್ಳಿ."

"ಯಾಕ್ಲಾ, ರೇಷ್ಮೆ ಐತೆ, ಅದಾಕ್ತೀನಿ."

"ಬ್ಯಾಡ ಸಾ, ನೀಲಿನೇ ಇರ್ಲಿ. ಕಂಕುಳಿಗೆ ಚೀಲ ಇಟ್ಕೊಳ್ಳಿ. ಈಗ ಕೈ ಮುಂದೆ ಮಾಡಿ ಆಶೀರ್ವಾದ ಮಾಡಿ."

"ಯಾರ್ಗೆ?"

ಅಂಗಳದಲ್ಲಿ ಯಾರೂ ಇರಲಿಲ್ಲ. "ಆ ನುಗ್ಗೆ ಮರಕ್ಕೆ ಮಾಡಿ ಸಾ!"

ಪಾಪ, ಮರ್ಯಾದಸ್ಥರು. ಮಾಡಿದರು. ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಹಿಂದಕ್ಕೆ ಸರಿದರು. ತಲೆ ಬೋಳಿಸಿಕೊಂಡ ಗಂಡ ನುಗ್ಗೆ ಮರವನ್ನು ಹರಸುವುದನ್ನು ಕಂಡರೆ ಯಾವ ಹೆಂಡತಿಗೆ ಭಯವಾಗುವುದಿಲ್ಲ?

ಮನೆಗೆ ಬಂದು ಅಂಟಿಸಿದೆ. ಕೂದಲು ಬೇಕಾಗಿತ್ತು. ಕೈಗೆ ಸಿಕ್ಕಿದ್ದು ನನ್ನದೇ ಫೋಟೊ. ನನ್ನ ಕ್ರಾಪನ್ನು ಕತ್ತರಿಸಿ ಅವರ ತಲೆಗಿಟ್ಟು ನರೆ ಬಳಿದೆ. ಸವಿತ ಕನ್ನಡಕ ಹಾಕಿಕೊಂಡು ನೋಡಿ, "ನಿಮ್ಮಪ್ಪ ಬದುಕಿದ್ದಿದ್ರೆ ಇಂಗೇ ಕಾಣೋರು" ಎಂದಳು. ಅದನ್ನು ಮೆಚ್ಚುಗೆಯೆಂದು ತಿಳಿದೆ.

ಆಲ್ಬಮ್ಮು ಹಿಡಿದು ಹೊಳೆನರಸೀಪುರಕ್ಕೆ ಹೋದ ದಿನ ನಂಜೇಗೌಡರ ಮನೆಯ ಹಾಲ್‌ನಲ್ಲಿ ಕಟ್ಟಾಯದ ಮಾವ ಕೂತಿದ್ದರು. ಅವರ ಪಕ್ಕದಲ್ಲಿ ಕೆಂಚೇಗೌಡರೂ! ನಂಜೇಗೌಡರು ಆ ಪುಟ ತೆರೆದರು. ಅಣ್ಣನ ತಲೆ ನೋಡಿದರು, ಫೋಟೊ ನೋಡಿದರು, ಆಮೇಲೆ ನನ್ನ ತಲೆ ನೋಡಿದರು.

"ನಮ್ಮಣ್ಣಂಗೆ ಇಷ್ಟು ಕೂದ್ಲು ಎಲ್ಲಿತ್ತಪ್ಪಾ?"

ಕೆಂಚೇಗೌಡರು ಆಲ್ಬಮ್ಮನ್ನು ತೊಡೆಯ ಮೇಲೆ ಎಳೆದುಕೊಂಡರು. "ಇದು ಮದ್ವೆ ಫೋಟೊ ಅಲ್ಲ ಕಣ್ಲಾ ನಂಜ. ನಮ್ಮನೆ ನುಗ್ಗೆ ಮರಕ್ಕೆ ಆಶೀರ್ವಾದ ಮಾಡಿದ್ದು!"

ಇನ್ನು ತಪ್ಪಿಸಿಕೊಳ್ಳಲು ಆ ಮನೆಯ ಬಚ್ಚಲು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಖಾಲಿ ಫ್ಲ್ಯಾಶ್, ಹಾಲಿನ ಹನಿ, ನನ್ನ ಕ್ರಾಪು. ಕಟ್ಟಾಯದ ಮಾವ ಕಣ್ಣು ಮುಚ್ಚಿಕೊಂಡರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಇಷ್ಟು ವರ್ಸಕ್ಕೆ ನಮ್ಮಣ್ಣ ಬಂದವ್ನೆ. ಅವನ್ನ ಬುಟ್ಟು ಇನ್ಯಾರ್ದು ತೆಗ್ದೆ ನೀನು?" ಎಂದು ನಂಜೇಗೌಡರು ಗುಡುಗುತ್ತಾ ಪುಟ ತಿರುಗಿಸಿದರು. ಪುಟದ ತುಂಬ ಗಲ್ಲ ಎತ್ತಿಕೊಂಡು ಅಡುಗೆ ಕಂಟ್ರಾಕ್ಟರು. ಮುಂದಿನ ಪುಟದಲ್ಲೂ ಅವರೇ, ಬೇರೆ ಕೋನದಿಂದ.

ಮೊದಲು ನಕ್ಕದ್ದು ಕೆಂಚೇಗೌಡರು. "ಹುಡುಗಿಗೆ ಇವ್ನೇ ದೊಡ್ಡಪ್ಪ ಆಗ್ಬುಟ್ಟವ್ನಲ್ಲೋ ನಂಜ!" ಎಂದು ತಮ್ಮನ ತೊಡೆಗೆ ಹೊಡೆದರು. ನಂಜೇಗೌಡರಿಗೂ ತಡೆಯಲಾಗಲಿಲ್ಲ. ಅಣ್ಣನ ಬೋಳುತಲೆಗೆ ಹಣೆ ಹಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು ನೋಡುತ್ತಲೇ ನಿಂತೆ.

"ಬಾಯ್ ಬುಟ್ಕೊಂಡ್ ಏನ್ ನೋಡ್ತೀಯ, ಈಗ ತೆಗಿ!" ಎಂದು ಕಟ್ಟಾಯದ ಮಾವ ಮೊಣಕೈಯಿಂದ ತಿವಿದರು.

ಕ್ಯಾಮೆರಾ ಎತ್ತಿದೆ. ಇಂಥ ಬೆಳಕು, ಇಂಥ ಮುಖಗಳು ಜೀವಮಾನದಲ್ಲಿ ಒಂದೇ ಸಲ ಸಿಗುತ್ತವೆ. ಝಗ್! ಝಗ್! ಶೆಟ್ಟಿಹಳ್ಳಿ ಚರ್ಚು ಇದರ ಮುಂದೆ ಏನೂ ಅಲ್ಲ. ಕೊನೆಗೂ ಪ್ರತಿಭೆ ಗೆದ್ದಿತು ಎಂದು ಹೆಮ್ಮೆಯಿಂದ ಕ್ಯಾಮೆರಾದ ಹಿಂಬದಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಮೆಮೊರಿ ಕಾರ್ಡು ಹಾಸನದಲ್ಲಿತ್ತು. ಅವರಿಗೆ ಕೂದಲು ಅಂಟಿಸುವಾಗ ಕಂಪ್ಯೂಟರಿಗೆ ಸಿಕ್ಕಿಸಿದವನು ಅಲ್ಲೇ ಬಿಟ್ಟು ಬಂದಿದ್ದೆ!

ನಂಜೇಗೌಡರ ಹೆಂಡತಿ ಅದೇ ಹೊತ್ತಿನಲ್ಲಿ ಅಡುಗೆಮನೆ ಬಾಗಿಲಿನಿಂದ ತಮ್ಮ ಫೋನಿನಲ್ಲಿ ಒಂದು ಫೋಟೊ ತೆಗೆದಿದ್ದರು. ಈಗ ಅವರ ಹಾಲ್‌ನ ಗೋಡೆಯ ಮೇಲೆ ದೊಡ್ಡದಾಗಿ ತೂಗುತ್ತಿರುವುದು ಅದೇ. ಮೂಲೆಯಲ್ಲಿ ಅವರ ಹೆಬ್ಬೆರಳೂ ಬಂದಿದೆ. ತುಂಬ ಚೆನ್ನಾಗಿದೆ. ಅದರಲ್ಲಿ ನನ್ನ ಕೊಡುಗೆ ಬೆಳಕು ಮಾತ್ರ.

ಆದರೆ ಸಿಮೆಂಟ್ ಅಂಗಡಿಗೆ ನಾನು ಹೋಗಬೇಕಾಗಲಿಲ್ಲ. ಅರಕಲಗೂಡು ಸೀಮೆಯಲ್ಲಿ ಅರ್ಧ ಜನ ಕೆಂಚೇಗೌಡರಿಗೆ ನೆಂಟರು. ಎಲ್ಲರಿಗೂ ಅವರು ಹೇಳುತ್ತಾರಂತೆ: "ಮದ್ವೆಗೆ ಆ ಹಾಸನದ ಹುಡುಗನ್ನೇ ಕರ್ಸಿ. ಫೋಟೊ ಬಂದ್ರೆ ಬತ್ತದೆ, ಬರ್ದಿದ್ರೆ ಇಲ್ಲ, ನಗಾಡ್ಕೊಂಡಾದ್ರೂ ಇರ್ಬೋದು." ಕೆಲಸಕ್ಕೆ ಈಗ ಬಿಡುವಿಲ್ಲ. ನನ್ನ ಸ್ಟುಡಿಯೊದ ಗೋಡೆಯ ಬರಹದ ಮೇಲೆ ನುಗ್ಗೆ ಮರದ ಫೋಟೊ ನೇತುಹಾಕಿದ್ದೇನೆ. ಅಕ್ಷರಗಳು ಪೂರ್ತಿ ಮುಚ್ಚಿಹೋಗಿವೆ.

ಪ್ರತಿ ಮದುವೆಯಲ್ಲೂ ಕೆಂಚೇಗೌಡರು ವೇದಿಕೆ ಹತ್ತುತ್ತಾರೆ. ಹೆಣ್ಣು-ಗಂಡಿನ ಪಕ್ಕ ನಿಂತು, ಚೀಲ ಕಂಕುಳಿಗೆ ಸೇರಿಸಿ, ಛತ್ರವೆಲ್ಲ ಕೇಳುವಂತೆ ಕೂಗುತ್ತಾರೆ: "ಕಾರ್ಡ್ ಐತೇನ್ಲಾ?"

ನಾನು ಕ್ಯಾಮೆರಾದ ಬಾಗಿಲು ತೆಗೆದು, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸುತ್ತೇನೆ. ಆಮೇಲೇ ಅವರು ನಗುವುದು.