ಸಾಹೇಬ ಕಾಣೆಯಾಗಿದ್ದಾನೆ

ಕಲಬುರಗಿಯ ಖೂಬಾ ಪ್ಲಾಟಿನ ನಿವಾಸಿ ಶ್ರೀಮತಿ ಜಯದೇವಿಯವರಿಗೆ ಸೇರಿದ, ಬೂದು ಬಣ್ಣದ, ಎಡಗಿವಿ ಅರ್ಧ ಮಾತ್ರ ಇರುವ, ಸಾಹೇಬ ಎಂಬ ಹೆಸರಿನ ಗಂಡು ಬೆಕ್ಕು ಮಂಗಳವಾರ ಬೆಳಿಗ್ಗೆ ಹತ್ತೂವರೆಯ ನಂತರ ಮನೆಯಲ್ಲಿ ಕಂಡುಬಂದಿಲ್ಲ. ಈ ಸಂಗತಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಮುಂದಿನದೆಲ್ಲ ನಿಯಮದ ಪ್ರಕಾರವೇ ನಡೆಯಿತು.

ಜಯದೇವಿಯವರದು ಜೋಳದ ರೊಟ್ಟಿಯ ವ್ಯಾಪಾರ. ಅವರು ಮುಂಜಾನೆ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತರೆ ಸಾಹೇಬ ಹಿಟ್ಟಿನ ಚೀಲದ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದ. ಮೊದಲ ರೊಟ್ಟಿಯ ಒಂದು ತುಣುಕು, ಹಾಲಿನಲ್ಲಿ ನೆನೆಸಿದ್ದು, ಅವನ ಪಾಲು. ಅವನು ಹೋದ ಮೇಲೂ ಮೂರು ದಿನ ಜಯದೇವಿಯವರು ಆ ತುಣುಕು ತೆಗೆದಿಟ್ಟರು. ಮೂರು ದಿನವೂ ಸಂಜೆ ಅದನ್ನು ಕಾಗೆಗೆ ಹಾಕಿದರು.

ಗಂಡ ಅಮರನಾಥರು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. "ಬೆಕ್ಕಂದ್ರ ಬೆಕ್ಕ. ತಿರುಗಾಡಿ ಬರ್ತದ ಬಿಡು" ಎಂಬುದು ಅವರ ಘೋಷಿತ ನಿಲುವಾಗಿತ್ತು. ಆದರೆ ಡ್ಯೂಟಿ ಮುಗಿಸಿ ಬರುವಾಗ ಅವರು ಗಲ್ಲಿಗಲ್ಲಿಯಲ್ಲಿ ಸ್ಕೂಟರ್ ನಿಲ್ಲಿಸಿ, ಗಟಾರದ ಕಡೆ ಬಗ್ಗಿ, "ಸಾಹೇಬ... ಏ ಸಾಹೇಬ" ಎಂದು ಕೂಗುತ್ತಿದ್ದುದನ್ನು ಕಂಡವರಿದ್ದಾರೆ. ಹೀಗೆ ಬಗ್ಗಿ ಎದ್ದಾಗಲೇ ಶಹಾಬಜಾರದ ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲಿದ್ದ ಫಲಕ ಅವರ ಕಣ್ಣಿಗೆ ಬಿತ್ತು: "ಕಾಣೆಯಾದ ಸಾಕುಪ್ರಾಣಿಗಳ ಪತ್ತೆ ಹಾಗೂ ಸಮನ್ವಯ ಕೋಶ."

ಕೋಶ ಸ್ಥಾಪನೆಯಾಗಿ ಎಂಟು ತಿಂಗಳಾಗಿತ್ತು. ಒಂದು ಜೀಪು, ಅದಕ್ಕೊಬ್ಬ ಡ್ರೈವರ್, ಸಮನ್ವಯಾಧಿಕಾರಿ ಅಣವೀರಪ್ಪನವರು, ಗುಮಾಸ್ತ ಮಜರ್, ಇಷ್ಟು ಇದ್ದವು. ದೂರು ಮಾತ್ರ ಇರಲಿಲ್ಲ. ಪ್ರಾಣಿ ಕಳೆದುಕೊಂಡವರು ತಾವೇ ಹೋಗಿ ಹುಡುಕಿಕೊಳ್ಳುತ್ತಿದ್ದರು. ಇದೊಂದು ಸಾಮಾಜಿಕ ಪಿಡುಗು ಎಂದು ಕೋಶ ತನ್ನ ವರದಿಯಲ್ಲಿ ದಾಖಲಿಸಿತ್ತು. ತಿಂಗಳ ಕೊನೆಯೊಳಗೆ ಒಂದು ಪ್ರಕರಣವಾದರೂ ಇರದಿದ್ದರೆ ಕೋಶವನ್ನು ಮುಚ್ಚಲಾಗುವುದು ಎಂದು ಮೇಲಿನಿಂದ ಪತ್ರ ಬಂದಿತ್ತು. ಆ ಪತ್ರವನ್ನು ಫೈಲಿಗೆ ಸೇರಿಸುತ್ತಿರುವಾಗ ಜಯದೇವಿಯವರು ಮೆಟ್ಟಿಲು ಹತ್ತಿ ಬಂದರು.

"ನಮ್ಮ ಬೆಕ್ಕ ಕಾಣವಲ್ದ್ರೀ" ಎಂದರು.

ಅಣವೀರಪ್ಪನವರು ಎದ್ದು ನಿಂತರು. "ಖರೇ ಏನ್ರಿ?"

"ಖರೇರಿ. ನಾಕ ದಿನ ಆತು."

"ಮಜರ್, ಅಕ್ಕಾರಿಗೆ ಖುರ್ಚಿ ಹಾಕು. ಒರಸಿ ಹಾಕು. ಚಾ ಹೇಳು."

ನಮೂನೆ ಮೂರನ್ನು ಮೊದಲ ಬಾರಿಗೆ ಕಟ್ಟಿನಿಂದ ಬಿಚ್ಚಲಾಯಿತು. ಮಜರ್ ಪೆನ್ನು ಹಿಡಿದು ಕೂತ.

"ತಂದಿ ಹೆಸರು?"

"ನಮ್ಮ ತಂದೀದಾ?"

"ಬೆಕ್ಕಿಂದ್ರಿ."

ಜಯದೇವಿಯವರು ಪ್ರಾಮಾಣಿಕವಾಗಿ ಯೋಚಿಸಿದರು. "ಓಣ್ಯಾಗ ಒಂದು ಕರೀ ಬೆಕ್ಕ ಇತ್ರಿ. ಖಾತ್ರಿ ಹೇಳಾಕ ಬರಂಗಿಲ್ಲ."

'ತಂದೆ: ಕರಿಯ, ವಿಚಾರಣೆಗೆ ಒಳಪಟ್ಟು' ಎಂದು ಮಜರ್ ಬರೆದುಕೊಂಡ. "ಮನಿ ಬಿಡೂದಕ್ಕಿಂತ ಮದಲ ಏನಾರ ಜಗಳಾ?"

"ಹಿಂದಿನ ದಿನ ಹಾಲಿನ ಬೋಗಾಣಿ ಉರುಳಿಸಿತ್ತು. ಎರಡ ಮಾತ ಬೈದಿದ್ದೆ." ಜಯದೇವಿಯವರು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟರು. "ಅಷ್ಟಕ್ಕ ಹೋಗಬೇಕಾಗಿದ್ದಿಲ್ರೀ ಅದು."

'ಕಾರಣ: ಕೌಟುಂಬಿಕ ಕಲಹ' ಎಂದು ದಾಖಲಾಯಿತು.

ಫೋಟೋದ ಬಗ್ಗೆ ಮಾತ್ರ ಒಂದು ತೊಡಕು ಬಂತು. ಎರಡೂ ಕಿವಿಗಳು ಪೂರ್ಣವಾಗಿ ಕಾಣುವ ಪಾಸ್‌ಪೋರ್ಟ್ ಅಳತೆಯ ಫೋಟೋ ಕಡ್ಡಾಯ. ಸಾಹೇಬನಿಗೆ ಇದ್ದದ್ದೇ ಒಂದೂವರೆ ಕಿವಿ. ಫೋಟೋ ನಿಯಮಕ್ಕೆ ಹೊಂದದ ಕಾರಣ ಅದನ್ನು ಕೈಬಿಟ್ಟು, ಕೋಶದ ಮುಖ್ಯಸ್ಥರ ಫೋಟೋ ಒಂದನ್ನೇ ದೊಡ್ಡದಾಗಿ ಹಾಕಿ ಪೋಸ್ಟರ್ ಅಚ್ಚು ಹಾಕಿಸಲಾಯಿತು. ಅಣವೀರಪ್ಪನವರ ನಗುಮುಖದ ಕೆಳಗೆ ಹೀಗಿತ್ತು:

"ಪ್ರಕಟಣೆ. ಸಾಹೇಬ ಕಾಣೆಯಾಗಿದ್ದಾನೆ. ಮೈಬಣ್ಣ ಬೂದು. ಮೀಸೆ ಉಂಟು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಹಾಲು ತೋರಿಸಿದರೆ ಬರುತ್ತಾನೆ. ಕಂಡವರು ಹಿಡಿದು ಕಚೇರಿಗೆ ಒಪ್ಪಿಸತಕ್ಕದ್ದು."

ಸಾರ್ವಜನಿಕರ ಸ್ಪಂದನೆ ಅಭೂತಪೂರ್ವವಾಗಿತ್ತು. ಎರಡು ದಿನ ಕಚೇರಿಯ ಫೋನಿಗೆ ಬಿಡುವಿರಲಿಲ್ಲ. "ನಿಮ್ಮ ಸಾಹೇಬ್ರು ಇಲ್ಲೇ ಸೂಪರ್ ಮಾರ್ಕೆಟ್‌ನಾಗ ಚಾ ಕುಡ್ಯಾಕತ್ತಾರ, ಲಗೂ ಬರ್ರಿ" ಎಂದು ಒಬ್ಬರು ತಿಳಿಸಿದರು. ಮೂರನೇ ದಿನ ಶಹಾಬಜಾರದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಅಣವೀರಪ್ಪನವರನ್ನು ಇಬ್ಬರು ಜವಾಬ್ದಾರಿಯುತ ನಾಗರಿಕರು ಹಿಡಿದು, ಆಟೋದಲ್ಲಿ ಹಾಕಿಕೊಂಡು ಬಂದು ಕಚೇರಿಗೆ ಒಪ್ಪಿಸಿದರು. ದಾರಿಯಲ್ಲಿ ಹಾಲು ಕೂಡ ಕುಡಿಸಿದ್ದರು. ಒಪ್ಪಿಸಿದ್ದಕ್ಕೆ ರಸೀದಿ ಕೊಡುವುದು ಕಡ್ಡಾಯವಾದ್ದರಿಂದ ಮಜರ್ ರಸೀದಿ ಹರಿದ. ಸ್ವೀಕರಿಸಿದವರ ಸಹಿ ಇರುವಲ್ಲಿ ಅಣವೀರಪ್ಪನವರೇ ಸಹಿ ಹಾಕಿದರು.

ಇದಾದ ಮೇಲೆ ಪೋಸ್ಟರಿಗೆ 'ಬೆಕ್ಕು' ಎಂಬ ಪದ ಸೇರಿಸಲಾಯಿತು. ಜನ ಬೆಕ್ಕುಗಳನ್ನೂ ತರತೊಡಗಿದರು. ಹನ್ನೊಂದು ಬೆಕ್ಕುಗಳು ಬಂದವು. ಜಯದೇವಿಯವರು ಪ್ರತಿ ಸಲವೂ ಕೈಯ ಹಿಟ್ಟು ತೊಳೆದುಕೊಂಡು ಓಡಿ ಬಂದು, ನೋಡಿ, ತಲೆಯಾಡಿಸಿ ವಾಪಸ್ಸು ಹೋದರು.

"ಇದನ್ನರ ತಗೋರಿ ಅಕ್ಕಾರ. ಬಣ್ಣ ಹೊಂದತದ" ಎಂದರು ಅಣವೀರಪ್ಪನವರು.

"ಇದು ಹೆಣ್ಣ ಬೆಕ್ಕರಿ!"

"ಲಿಂಗದ ಕಾಲಮ್ಮಿಗೆ ತಿದ್ದುಪಡಿ ಅದ. ನಮೂನಿ ಏಳು."

"ನನಗ ತಿದ್ದುಪಡಿ ಬ್ಯಾಡ್ರಿ. ನನಗ ನನ್ನ ಬೆಕ್ಕ ಬೇಕು" ಎಂದು ಜಯದೇವಿಯವರು ಹೊರಟುಹೋದರು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಅಮರನಾಥರೂ ಹಸಿವಿಲ್ಲವೆಂದರು.

ಮರುದಿನ ಮಂಗಳವಾರ. ಎರಡು ವಾರಕ್ಕೊಮ್ಮೆ ಮಂಗಳವಾರ ಕಮಲಾಪುರದ ಶಫಿ ಗೂಡ್ಸ್ ಆಟೋದಲ್ಲಿ ಕೆಂಪು ಬಾಳೆಹಣ್ಣು ಹೇರಿಕೊಂಡು ಖೂಬಾ ಪ್ಲಾಟಿಗೆ ಮಾರಲು ಬರುತ್ತಾನೆ. ಅಂದು ಬಾಗಿಲಲ್ಲಿ ನಿಂತು ಹಣ್ಣು ಕೊಡುತ್ತ, "ಅಕ್ಕಾ, ಹೋದ ಸಲ ಬಂದಾಗ ಖಾಲಿ ಬುಟ್ಟ್ಯಾಗ ಒಂದು ಬೆಕ್ಕ ಮಲ್ಕೊಂಡ ನಮ್ಮ ಊರಿಗೆ ಬಂದದ ನೋಡ್ರಿ" ಎಂದ. "ಗೋದಾಮಿನ್ಯಾಗ ಕುಂತದ. ಇಲಿ ಹಿಡಿಯಂಗಿಲ್ಲ, ಕರದ್ರ ನೋಡಂಗಿಲ್ಲ. ಬರೇ ಹಾಲ ಕುಡಿತದ. ಏನ ನವಾಬೀನೋ ಏನೋ."

"ಕಿವಿ?"

"ಒಂದ ಅರ್ಧ ಅದರಿ."

ಹನ್ನೆರಡು ವರ್ಷದ ವ್ಯಾಪಾರದಲ್ಲಿ ಮೊದಲ ಸಲ ಜಯದೇವಿಯವರು ಹಂಚಿನ ಮೇಲೆ ರೊಟ್ಟಿ ಇದ್ದಂತೆಯೇ ಒಲೆ ಆರಿಸಿದರು. ಅದೇ ಗೂಡ್ಸ್ ಆಟೋದಲ್ಲಿ ಶಫಿಯ ಪಕ್ಕ ಕೂತು ಹೊರಟರು. ಫೋನು ಹೋದದ್ದೇ ತಡ, ಅಮರನಾಥರು ಮಿಲ್ಲಿಗೆ ರಜೆ ಹಾಕಿ ಸ್ಕೂಟರಿನಲ್ಲಿ ಬೆನ್ನು ಹತ್ತಿದರು.

ಕಮಲಾಪುರದ ಗೋದಾಮಿನಲ್ಲಿ ಕೆಂಪು ಬಾಳೆಗೊನೆಗಳ ನಡುವೆ, ಮಡಚಿದ ಗೋಣಿಚೀಲದ ಮೇಲೆ, ಸಾಹೇಬ ಕಣ್ಣು ಮುಚ್ಚಿ ಕೂತಿದ್ದ.

"ಸಾಹೇಬ" ಎಂದು ಜಯದೇವಿಯವರು ಕರೆದರು. ಅವನು ತಿರುಗಿ ನೋಡಲಿಲ್ಲ. ಅಲ್ಲಿಗೆ ಗುರುತು ಖಚಿತವಾಯಿತು. ಆದರೂ, ತನ್ನನ್ನು ಮರೆತಿದ್ದರೆ? ಅವರು ನೆಲದ ಮೇಲೆ ಕೂತು, ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ನೆಲವನ್ನು ಪಟಪಟನೆ ಬಡಿದರು. ಅರ್ಧ ಕಿವಿ ಈ ಕಡೆ ಹೊರಳಿತು. ಸಾಹೇಬ ಮೈಮುರಿದು ಎದ್ದು, ಯಾವ ಅವಸರವೂ ಇಲ್ಲದೆ ನಡೆದು ಬಂದು, ಅವರ ತೊಡೆಗೆ ತಲೆ ತಿಕ್ಕಿದ.

ಅಮರನಾಥರು ಬಂದವರೇ ಬೆಕ್ಕನ್ನು ಹತ್ತು ನಿಮಿಷ ಬೈದರು. "ಒಂದ ಮಾತ ಹೇಳಿ ಹೋಗಾಕ ಏನಾಗಿತ್ತು ನಿನಗ? ಮನಿ ಅಂದ್ರ ಧರ್ಮಶಾಲಾ ಏನು?" ಆಮೇಲೆ ಕಾರಣವಿಲ್ಲದೆ ಇಡೀ ಒಂದು ಗೊನೆ ಬಾಳೆಹಣ್ಣು ಕೊಂಡರು.

ಮರುದಿನ ಜಯದೇವಿಯವರು ಸಾಹೇಬನನ್ನು ಬುಟ್ಟಿಯಲ್ಲಿಟ್ಟುಕೊಂಡು, ಜೊತೆಗೆ ಹತ್ತು ರೊಟ್ಟಿ ಕಟ್ಟಿಕೊಂಡು, ಕೃತಜ್ಞತೆ ಹೇಳಲು ಕೋಶಕ್ಕೆ ಹೋದರು. ಅಣವೀರಪ್ಪನವರು ಬುಟ್ಟಿಯೊಳಗೆ ಇಣುಕಿದರು. ಮುಖ ಕಪ್ಪಿಟ್ಟಿತು. ಎದ್ದು ಬಾಗಿಲು ಮುಂದೆ ಮಾಡಿದರು.

"ಇದು ಯಾರ ಬೆಕ್ಕರಿ?"

"ನಂದೇರಿ. ಸಿಕ್ತು!"

"ಯಾರು ಹುಡುಕಿದ್ರು?"

"ನಾವ ಹೋಗಿ ತಂದ್ವಿ."

ಅಣವೀರಪ್ಪನವರು ನಿಯಮಾವಳಿ ತೆರೆದು, ಹದಿನಾಲ್ಕನೇ ನಿಯಮವನ್ನು ಓದಿ ಹೇಳಿದರು: "ಕಾಣೆಯಾದ ಪ್ರಾಣಿಯನ್ನು ಪತ್ತೆ ಹಚ್ಚುವ ಅಧಿಕಾರವು ಕೋಶಕ್ಕೆ ಮಾತ್ರ ಇರತಕ್ಕದ್ದು. ಕೋಶದ ಹೊರತಾಗಿ ಸಿಕ್ಕ ಪ್ರಾಣಿಯು ಸಿಕ್ಕಿದೆಯೆಂದು ಭಾವಿಸತಕ್ಕದ್ದಲ್ಲ."

"ಹಂಗಾದ್ರ ನೀವೇ ಹುಡುಕೀರಿ ಅಂತ ಬರ್ಕೋರಿ. ನಾನೇನು ಬ್ಯಾಡ ಅಂತೀನಾ?"

"ಬರಕೊಂಡ್ರ ಪ್ರಕರಣ ಮುಗೀತದರಿ."

"ಮುಗದ್ರ ಚಲೋ ಅಲ್ಲೇನ್ರಿ?"

ಮಜರ್ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದ. ಕೊನೆಗೆ ಅವನೇ ಬಾಯಿಬಿಟ್ಟ. "ನಮ್ಮ ಕಡಿ ಇರೂದು ಇದೊಂದೇ ಕೇಸ್ರಿ, ಅಕ್ಕಾ. ಇದು ಮುಗದ್ರ ಆಫೀಸು ಮುಗೀತದ. ನಂದು ಗುತ್ತಿಗಿ ನೌಕರಿ. ಬಿ.ಎ. ಮುಗಿಸಿ ನಾಕ ವರ್ಷ ತಿರುಗಿದ ಮ್ಯಾಲ ಸಿಕ್ಕದ. ಹೋದ ತಿಂಗಳ ನನ್ನ ಹೇಣ್ತಿ ಆಯೇಶಾಗ ಹೆಣ್ಣ ಕೂಸು ಆಗ್ಯಾದ. ನೌಕರಿ ಪರ್ಮನೆಂಟ್ ಅಂತ ಆಕಿಗೆ ಹೇಳೀನ್ರಿ."

ಬುಟ್ಟಿಯಿಂದ ಇಳಿದ ಸಾಹೇಬ ಮಜರನ ಮೇಜು ಹತ್ತಿ, ತನ್ನದೇ ಫೈಲಿನ ಮೇಲೆ ಮಲಗಿದ. ಜಯದೇವಿಯವರು ಬೆಕ್ಕನ್ನೂ ಮಜರನನ್ನೂ ನೋಡಿದರು.

"ಬೆಕ್ಕ ನನ್ನ ಮನ್ಯಾಗೇ ಇರ್ತದಲ್ರೀ?"

"ನಿಮ್ಮ ಮನ್ಯಾಗ ಇರೂದು ಬ್ಯಾರೆ ಬೆಕ್ಕರಿ" ಎಂದರು ಅಣವೀರಪ್ಪನವರು. "ಅದಕ್ಕ ಕೋಶದ ಅಭ್ಯಂತರ ಇಲ್ಲ."

"ಹಂಗಿದ್ರ ಹುಡಕ್ರಿ. ಚಲೋತ್ನಂಗ ಹುಡಕ್ರಿ. ಖರೆ, ಇವನ್ನ ಕೆಲಸದಿಂದ ತಗೀಬ್ಯಾಡ್ರಿ." ಹೀಗೆಂದು ರೊಟ್ಟಿಯ ಗಂಟು ಮೇಜಿನ ಮೇಲಿಟ್ಟರು.

ಅಂದಿನಿಂದ ಶೋಧ ಚುರುಕಾಯಿತು. ಶಫಿಯ ಗೋದಾಮಿನಲ್ಲಿ ಬೂದು ಕೂದಲು ಪತ್ತೆಯಾದ ಕಾರಣ ಕಮಲಾಪುರದಲ್ಲಿ ಉಪಕೋಶ ತೆರೆಯಲಾಯಿತು. ಗೋದಾಮಿನ ಮುಂಭಾಗವನ್ನೇ ಅದಕ್ಕೆ ಬಾಡಿಗೆಗೆ ಪಡೆಯಲಾಯಿತು. ವಾರಕ್ಕೆ ಮೂರು ಸಲ ಜೀಪು ಅಲ್ಲಿಗೆ ಹೋಗಿ ಸ್ಥಳ ಪರಿಶೀಲನೆ ನಡೆಸುತ್ತದೆ. ಘಟನಾ ಸ್ಥಳದ ಕೆಂಪು ಬಾಳೆಹಣ್ಣುಗಳನ್ನು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಲಾಗುತ್ತದೆ. ಸಾಕ್ಷ್ಯವು ಬೇಗ ಕೊಳೆಯುವ ಸ್ವಭಾವದ್ದಾದ್ದರಿಂದ ಅದನ್ನು ಅಂದೇ ಅಣವೀರಪ್ಪನವರ ಮನೆಯಲ್ಲಿ ವಿಲೇವಾರಿ ಮಾಡಲಾಗುತ್ತದೆ. ಪ್ರಕರಣವನ್ನು ಎಡೆಬಿಡದೆ ಬಾಕಿ ಉಳಿಸಿಕೊಂಡದ್ದಕ್ಕೆ ಕೋಶಕ್ಕೆ ಪ್ರಶಂಸಾಪತ್ರವೂ ಬಂದಿದೆ.

ಪ್ರತಿ ತಿಂಗಳ ಮೊದಲ ಸೋಮವಾರ ಜಯದೇವಿಯವರ ಮನೆಯಲ್ಲಿ ಪಂಚನಾಮೆ ಇರುತ್ತದೆ. ಅಣವೀರಪ್ಪನವರು ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರುತ್ತ, "ಏನಾರ ಸುಳಿವು?" ಎಂದು ಕೇಳುತ್ತಾರೆ. "ಇಲ್ರಿ" ಎಂದು ಜಯದೇವಿಯವರು ಸಹಿ ಮಾಡುತ್ತಾರೆ. ಓಣಿಯವರು ಸಾಕ್ಷಿ ಹಾಕಿ, ಲೊಚಗುಟ್ಟಿ, ಚಹಾ ಕುಡಿದು ಹೋಗುತ್ತಾರೆ.

ಕಳೆದ ಸೋಮವಾರ ಬೆಂಗಳೂರಿನಿಂದ ಪಂಚನಾಮೆಯ ತಪಾಸಣೆಗೆ ಶೀಲಾ ಎಂಬ ಹಿರಿಯ ಅಧಿಕಾರಿಣಿ ಬಂದಿದ್ದರು. ಕಡತ ಓದಿದರು. ಬೂದು ಬಣ್ಣ ಎಂದು ಓದಿ ಬೆಕ್ಕನ್ನು ನೋಡಿದರು. ಎಡಗಿವಿ ಅರ್ಧ ಎಂದು ಓದಿ ಮತ್ತೆ ನೋಡಿದರು.

"ಇದು ಯಾವ ಬೆಕ್ಕು?"

"ಇದು ಬ್ಯಾರೇದ್ರೀ ಮೇಡಮ್ಮಾರ" ಎಂದರು ಜಯದೇವಿಯವರು. "ಅದು ಸಿಗೂತನ ಮನಿ ಭಣಭಣ ಅಂತದಂತ ಇಟಗೊಂಡೀನಿ."

"ಕಿವಿ?"

"ಎಷ್ಟ ಹುಡುಕಿ ಇಂಥಾದ್ದ ತಂದೀವ್ರಿ" ಎಂದರು ಅಮರನಾಥರು.

"ಹೆಸರು?"

"ಸಾಹೇಬ ಅಂತನ ಕರೀತೀವ್ರಿ. ಅದರ ನೆನಪಿಗೆ."

ಶೀಲಾ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕುಟುಂಬದ ದುಃಖ ಇನ್ನೂ ಶಮನವಾಗಿಲ್ಲವೆಂದೂ, ಶೋಧ ಇನ್ನಷ್ಟು ತೀವ್ರವಾಗಬೇಕೆಂದೂ ಷರಾ ಬರೆದು, ಇನ್ನೊಂದು ಜೀಪಿಗೆ ಶಿಫಾರಸು ಮಾಡಿದರು. ಮಜರನ ಗುತ್ತಿಗೆಯೂ ಮೂರು ವರ್ಷ ಮುಂದುವರಿಯಿತು.

ಹೊಸ ಜೀಪು ಮುಂದಿನ ತಿಂಗಳು ಬರಲಿದೆ. ಅದನ್ನು ಯಾರ ಮನೆಯ ಮುಂದೆ ನಿಲ್ಲಿಸಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಓಣಿಯವರಲ್ಲಿ ಭಿನ್ನಾಭಿಪ್ರಾಯವಿದೆ.