ನನ್ನ ಮೇಜಿನ ಮೇಲಿನ ನೋಟಿಸು

ನಮ್ಮ ನರ್ಸಿಂಗ್ ಹೋಮಿನಲ್ಲಿ ಇಂಥದ್ದು ವಾರಕ್ಕೊಂದಾದರೂ ಆಗುತ್ತದೆ. ಆಗದ ವಾರ ನಾನು ರಜೆಯಲ್ಲಿದ್ದೇನೆ ಅಂತ ಅರ್ಥ. ಅಲ್ಲಾಳಸಂದ್ರದ ಕೆರೆಯಿಂದ ಎರಡು ತಿರುವು ದಾಟಿದರೆ ನಮ್ಮ ಕಟ್ಟಡ. ಅದರೊಳಗೆ ಡಾಕ್ಟರ ಕೋಣೆಗೂ ಮೆಡಿಕಲ್ ಶಾಪಿಗೂ ನಡುವೆ ನನ್ನ ಮೇಜು. ಒಳಗೆ "ಹೂಂ ಸಾರ್, ಹೂಂ ಸಾರ್" ಎಂದು ತಲೆಯಾಡಿಸಿದ ಜನ ಹೊರಗೆ ಬಂದು, ಬಾಗಿಲು ಮುಚ್ಚಿತೇ ಎಂದು ಹಿಂತಿರುಗಿ ನೋಡಿ, ನನ್ನ ಕಡೆ ಬಗ್ಗಿ ಕೇಳುತ್ತಾರೆ: "ಸಿಸ್ಟರ್, ಏನಂದ್ರು ಅವ್ರು?"

ಹದಿನೆಂಟು ವರ್ಷದಿಂದ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇನೆ. ಕೊಡಕೂಡದು ಎಂದು ಹೇಳಿದ ಮೇಲೂ ಕೊಟ್ಟಿದ್ದೇನೆ.

ಉಪವಾಸ ಮಾಡಿ ಬನ್ನಿ

ಸಹಕಾರನಗರದ ನಿವೃತ್ತ ಟೀಚರಮ್ಮ ಒಬ್ಬರು. ಶುಗರ್ ಪರೀಕ್ಷೆಗೆ ಬೆಳಿಗ್ಗೆ ಫಾಸ್ಟಿಂಗ್‌ನಲ್ಲಿ ಬರಬೇಕಿತ್ತು. ಫೋನಿನಲ್ಲಿ ರಿಸೆಪ್ಷನ್ ಹುಡುಗಿ "ಉಪವಾಸ ಇದ್ದು ಬನ್ನಿ ಆಂಟಿ" ಅಂದಿದ್ದಳು. ಬಂದರು. ಶುಗರ್ ನೋಡಿದರೆ ಗಗನಕ್ಕೇರಿದೆ. ಡಾಕ್ಟರು ಆಗಲೇ ಮಾತ್ರೆ ಬರೆಯಲು ಪೆನ್ನು ತೆಗೆದಿದ್ದರು.

ನನಗೇಕೋ ಅನುಮಾನ. "ಬೆಳಿಗ್ಗೆ ಏನೂ ತಿಂದಿಲ್ಲ ತಾನೇ?" ಎಂದು ಕೇಳಿದೆ.

"ಛೆ ಛೆ, ಅನ್ನ ಮುಟ್ಟಿಲ್ಲ! ಅವಲಕ್ಕಿ ಉಪ್ಪಿಟ್ಟು, ಎರಡು ಬಾಳೆಹಣ್ಣು, ಒಂದು ಲೋಟ ಹಾಲು. ಏಕಾದಶಿಗೆ ಮಾಡೋ ಹಾಗೇ ಅಚ್ಚುಕಟ್ಟಾಗಿ ಮಾಡಿದ್ದೀನಿ."

ನೀರು ಬಿಟ್ಟು ಬಾಯಿಗೆ ಏನೂ ಹೋಗಬಾರದು, ಪ್ರಸಾದ ಕೂಡ ಕೂಡದು ಎಂದು ಬಿಡಿಸಿ ಹೇಳಿದೆ.

"ಇಷ್ಟು ಕಠಿಣವಾಗಿ ಮಾಡಿದ್ರೆ ಪುಣ್ಯ ಆದ್ರೂ ಬರುತ್ತಾ ಸಿಸ್ಟರ್?"

ಅಗಿಯಬೇಡಿ

ಇದರಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಅಮೃತಹಳ್ಳಿಯ ಹಳೇ ಮನೆತನದ ಯಜಮಾನರು, ನಾಲ್ಕು ಬಿಲ್ಡಿಂಗುಗಳ ಒಡೆಯರು, ದವಡೆ ಹಲ್ಲು ಕೀಳಿಸಿಕೊಂಡಿದ್ದರು. ಹಲ್ಲಿನ ಡಾಕ್ಟರು "ಸಾಫ್ಟ್ ಡಯಟ್" ಅಂದರು. ನಾನು ಕನ್ನಡ ಮಾಡಿದೆ: "ಒಂದು ವಾರ ಏನನ್ನೂ ಅಗಿಯಬೇಡಿ."

ಮೂರನೇ ದಿನ ಕೆನ್ನೆ ಊದಿಸಿಕೊಂಡು ಬಂದರು. ಏನು ತಿಂದಿರಿ ಎಂದರೆ, ಬಿಸಿ ಬಿಸಿ ರಾಗಿಮುದ್ದೆ, ಜೊತೆಗೆ ಖಾರದ ಬಸ್ಸಾರು, ದಿನಕ್ಕೆ ಎರಡು ಹೊತ್ತು!

"ಅಗಿಯಬೇಡಿ ಅಂದಿದ್ದೆನಲ್ಲ ಯಜಮಾನ್ರೇ?"

ಅವರಿಗೆ ಸಿಟ್ಟೇ ಬಂತು. "ಮುದ್ದೆನ ಯಾರ್ ಅಗೀತಾರಮ್ಮ? ನುಂಗೋದು! ಅಗಿದು ತಿಂದಿದ್ರೆ ನಮ್ಮಪ್ಪ ತಟ್ಟೆ ಮುಂದೆನೇ ಬಾರಿಸೋರು."

ಅವತ್ತು ನಾನು ಕಲಿತೆ. ಅರ್ಥ ಹೇಳಿದರೆ ಸಾಲದು, ಅವರ ತಟ್ಟೆಯಲ್ಲಿ ಏನಿದೆ ಎಂದೂ ಕೇಳಬೇಕು.

ದೊಡ್ಡ ಹೆಸರಿನ ಕಾಯಿಲೆ

ಹೆಬ್ಬಾಳದ ಕಡೆ ಆಫೀಸಿನಲ್ಲಿ ಕೆಲಸ ಮಾಡುವ ಯುವಕ. ಮೈಯೆಲ್ಲ ತುರಿಕೆ, ದದ್ದು. ಚೀಟಿಯಲ್ಲಿ "ಇಡಿಯೋಪಥಿಕ್" ಎಂದು ಬರೆದಿತ್ತು. ಆತನ ಮುಖ ಬಿಳಿಚಿಕೊಂಡಿತ್ತು. ಹೆಂಡತಿಗೆ ಮೆಸೇಜು ಹೋಗಿತ್ತು, ಊರಿನಿಂದ ಅತ್ತೆ ಮಾವ ಬಸ್ಸು ಹತ್ತಿಯಾಗಿತ್ತು.

"ಗಾಬರಿ ಆಗ್ಬೇಡಿ. ಯಾಕೆ ಬಂತೋ ಗೊತ್ತಿಲ್ಲ ಅಂತ ಅದರ ಅರ್ಥ. ಮಾತ್ರೆ ತಗೊಳ್ಳಿ, ಕಡಿಮೆಯಾಗುತ್ತೆ," ಅಂದೆ.

ಸುಮ್ಮನೆ ಮನೆಗೆ ಹೋಗಬಾರದಿತ್ತೇ? ಸೀದಾ ಡಾಕ್ಟರ ಕೋಣೆಗೆ ನುಗ್ಗಿ, "ಸಾರ್, ಗೊತ್ತಿಲ್ಲ ಅನ್ನೋದಕ್ಕೆ ಇಷ್ಟುದ್ದ ಹೆಸರು ಯಾಕ್ ಸಾರ್? ನಮ್ಮ ಆಫೀಸಲ್ಲಿ ಗೊತ್ತಿಲ್ಲ ಅಂದ್ರೆ ಬೈಸ್ಕೋತೀವಿ, ನೀವು ಫೀಸ್ ತಗೋತೀರಾ!" ಎಂದುಬಿಟ್ಟ.

ಅವರು ಬರೀ ಡಾಕ್ಟರಲ್ಲ, ನರ್ಸಿಂಗ್ ಹೋಮಿನ ಮಾಲೀಕರು. ನಮಗೆಲ್ಲ ಸಾಹೇಬರು. ನನ್ನನ್ನು ಕರೆಸಿದರು. ಮುದ್ದೆಯ ಪ್ರಕರಣವನ್ನೂ ಎತ್ತಿ ಆಡಿದರು. ಸಂಜೆಯೊಳಗೆ ನನ್ನ ಮೇಜಿನ ಮೇಲಿನ ಗೋಡೆಗೆ ನೋಟಿಸು ಅಂಟಿತು: "ವೈದ್ಯಕೀಯ ವಿವರಣೆಗಳಿಗೆ ವೈದ್ಯರನ್ನು ಮಾತ್ರ ಸಂಪರ್ಕಿಸತಕ್ಕದ್ದು."

"ಇನ್ನೊಂದ್ ಸಲ ಆದ್ರೆ ಬೇರೆ ಕಡೆ ಕೆಲಸ ನೋಡ್ಕೊಳ್ಳಿ ಸಿಸ್ಟರ್," ಅಂದರು.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ಒಂದು ಹಿಡಿ ಜಾಸ್ತಿಯೇ ಇತ್ತು. ಅವರು ವಿವರಿಸಿದ್ದರೆ ಜನ ನನ್ನ ಮೇಜಿಗೆ ಯಾಕೆ ಬರುತ್ತಿದ್ದರು?

ಬೆಂಚಿನ ಮೇಲೆ

ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಐದನೆಯ ದಿನ ಹೂ ಮಾರುವ ಹೆಂಗಸೊಬ್ಬಳು ಎದೆಯ ಗಂಟಿನ ರಿಪೋರ್ಟ್ ಹಿಡಿದು ಬೆಂಚಿನ ಮೇಲೆ ಕುಳಿತು ಅಳುತ್ತಿದ್ದಳು. ಇಬ್ಬರು ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು ಎಂದು ಪಕ್ಕದವಳ ಹತ್ತಿರ ಲೆಕ್ಕ ಹಾಕುತ್ತಿದ್ದಳು. ರಿಪೋರ್ಟ್ ನೋಡಿದೆ. "ಬಿನೈನ್" ಎಂದಿತ್ತು.

ಕೆಲಸ ಹೋದರೆ ಹೋಗಲಿ ಅನ್ನಿಸಿತು. ನೋಟಿಸಿನ ಮುಂದೆಯೇ ನಿಂತು ಜೋರಾಗಿ ಹೇಳಿದೆ: "ಇದು ಕ್ಯಾನ್ಸರ್ ಅಲ್ಲಮ್ಮ. ಜೀವಕ್ಕೆ ತೊಂದರೆ ಮಾಡದ ಗಂಟು. ಡಾಕ್ಟ್ರು ಒಳಗೆ ಹೇಳಿದ್ದೂ ಅದನ್ನೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೋಪ ಏರಿತು. "ಮತ್ತೆ ಹಂಗಂತ ಬಾಯ್ಬಿಟ್ಟು ಹೇಳಕ್ಕೆ ಅವ್ರಿಗೇನ್ ರೋಗ ಸಿಸ್ಟರ್?"

"ಯಾಕೆ ಬಂತೋ ಗೊತ್ತಿಲ್ಲಮ್ಮ. ಇಡಿಯೋಪಥಿಕ್ ಇರಬೇಕು."

ತಿರುಗಿ ನೋಡಿದರೆ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. "ಸೋಮವಾರ ಬೆಳಿಗ್ಗೆ ಬಂದು ನನ್ನ ನೋಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಹೋದ ವರ್ಷದ್ದು

ಸೋಮವಾರ ನಾನು ಡ್ರಾಯರ್ ಖಾಲಿ ಮಾಡಿ, ಚೀಲ ಕಟ್ಟಿಕೊಂಡೇ ಕುಳಿತಿದ್ದೆ. ಸಾಹೇಬರ ಕೋಣೆಯಲ್ಲಿ ಅವರ ತಾಯಿ ಇದ್ದರು. ಹುಣಸಮಾರನಹಳ್ಳಿಯ ಮನೆಯಿಂದ ತಿಂಗಳಿಗೊಮ್ಮೆ ಬಿಪಿ ತೋರಿಸಲು ಬರುತ್ತಾರೆ. ಮಗ ಮೂರು ಸಲ ಮಾತ್ರೆ ಏರಿಸಿದ್ದರೂ ಬಿಪಿ ಇಳಿದಿರಲಿಲ್ಲ. ಮನೆಯವರಿಗೆಲ್ಲ ಅದೇ ಚಿಂತೆ.

ಹೊರಗೆ ಬಂದವರು ನೇರ ನನ್ನ ಮೇಜಿಗೆ ಬಂದರು. ಹಿಂದೆಯೇ ಸಾಹೇಬರು.

"ಏನವ್ವಾ, ಇವ್ನೇನೋ ಸೋಡಿಯಂ ಅಂತಾನೆ. ಏನಂಗಂದ್ರೆ?"

"ಅಮ್ಮಾ, ಎಲ್ಲಾ ಹೇಳಿದ್ದೀನಲ್ಲ, ನಡಿ," ಎಂದರು ಸಾಹೇಬರು.

"ನೀನ್ ಸುಮ್ಕಿರು."

ನಾನು ನೋಟಿಸು ತೋರಿಸಿದೆ. "ನಾನು ಹೇಳೋ ಹಾಗಿಲ್ಲಮ್ಮ. ಕೆಲಸದಿಂದ ತೆಗೀತಾರೆ."

"ಯಾರ್ ಅದನ್ನ ಅಂಟ್ಸಿದ್ದು?"

ನಾನು ಸಾಹೇಬರನ್ನು ನೋಡಿದೆ. ಸಾಹೇಬರು ಫ್ಯಾನ್ ನೋಡಿದರು.

"ಅವ್ನಾ? ನಾನಿವ್ನಿ, ನೀನೇಳು."

ಹೇಳಿದೆ. ಸೋಡಿಯಂ ಅಂದರೆ ಉಪ್ಪು, ಕಡಿಮೆ ಮಾಡಬೇಕು.

"ಅದ್ ಗೊತ್ತು ಬಿಡು. ಉಪ್ಪು ಬ್ಯಾಡ ಅಂತ ಉಗಾದಿಯಾಗೇ ಏಳಿದ್ದ. ಅವತ್ತಿಂದ ಸಾರಿಗೆ ಒಂದ್ ಕಲ್ಲು ಉಪ್ಪಾಕಿಲ್ಲ."

ನನಗೆ ಮುದ್ದೆ ನೆನಪಾಯಿತು. "ಸಪ್ಪೆ ಊಟ ಗಂಟಲಲ್ಲಿ ಹೇಗೆ ಇಳಿಯುತ್ತಮ್ಮ?"

"ಇಳಿಯಕ್ಕಿಲ್ಲ. ಅದ್ಕೇ ಎರಡೆರಡ್ ಓಳು ಉಪ್ಪಿನಕಾಯಿ ನೆಂಚ್ಕೋತೀನಿ. ಅಪ್ಪಳ, ಸಂಡಿಗೆ ಕರ್ಕೋತೀನಿ."

"ಅದರಲ್ಲಿ ಉಪ್ಪಿಲ್ವೇನಮ್ಮ?"

ಮುದುಕಿ ನನ್ನನ್ನು ಪಾಪ ಎಂಬಂತೆ ನೋಡಿದರು. "ಅದಕ್ಕೆ ಉಪ್ಪಾಕಿದ್ದು ಓದ್ ವರ್ಸ ಕಣವ್ವಾ. ಇವ್ನು ಬ್ಯಾಡ ಅಂದಿದ್ದು ಈ ವರ್ಸ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ, ತಲೆ ಮೇಲೆ ಕೈ ಹೊತ್ತು ಬೆಂಚಿನ ತುದಿಗೆ ಕುಳಿತುಬಿಟ್ಟರು. ಮೂರು ಸಲ ಮಾತ್ರೆ ಏರಿಸಿದ ಕೈ ಅದು.

ಅಮ್ಮ ಮಾತ್ರ ಪರಪರನೆ ನೋಟಿಸು ಕಿತ್ತರು. ಕಾಗದದ ಹಿಂಬದಿ ಖಾಲಿ ಇತ್ತು. "ತಿನ್ನಬಾರದ್ದೆಲ್ಲಾ ಇದ್ರಾಗೇ ಬರ್ಕೊಡು, ದಪ್ಪಕ್ಷರದಾಗೆ."

ಬರೆದೆ. ಉಪ್ಪಿನಕಾಯಿ ಬೇಡ, ಹಪ್ಪಳ ಬೇಡ, ಸಂಡಿಗೆ ಬೇಡ, ಯಾವ ವರ್ಷದ್ದಾದರೂ ಬೇಡ.

"ಮನ್ಯಾಗೆ ಸೊಸೆ ನಂಬಾಕಿಲ್ಲ. ಲೋ, ಕೆಳಗೊಂದು ಸೈನ್ ಆಕು."

ಸಾಹೇಬರು ನನ್ನನ್ನು ನೋಡಿದರು, ನನ್ನ ಚೀಲ ನೋಡಿದರು. "ಆ ಚೀಲ ಒಳಗಿಡಿ ಸಿಸ್ಟರ್," ಎಂದು ಗೊಣಗಿ, ಪೆನ್ನು ತೆಗೆದು ಗೀಚಿದರು.

ಅಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಮತ್ತೆ ಮಗನ ಕೈಗೇ ಕೊಟ್ಟರು.

"ಇದೇನ್ಲಾ, ಕೋಳಿ ಕೆದಕ್ದಂಗೈತೆ? ನಿನ್ ಎಸ್ರಾದ್ರೂ ಜನಕ್ಕೆ ಅರ್ತ ಆಗಂಗೆ ಬರಿಯೋ!"